ಕಾಫಿ ಲೋಟ, ಬೇಳೆ ಪೊಟ್ಟಣ, ಕಿರುಪರೀಕ್ಷೆ: ಪ್ರಾಕ್ಕಲ್ಪನಾ ಪರೀಕ್ಷೆಗೆ ಮೂರು ಅಭ್ಯಾಸಗಳು

ಸಂಖ್ಯಾಶಾಸ್ತ್ರದ ಅಭ್ಯಾಸ ಬೋಧನೆಯನ್ನು ವೀಕ್ಷಿಸುವಾಗ ಒಂದು ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಸೂತ್ರ ಬರೆಯುತ್ತಾರೆ, ಬೆಲೆಗಳನ್ನು ಆದೇಶಿಸುತ್ತಾರೆ, ಕೋಷ್ಟಕ ನೋಡುತ್ತಾರೆ, ‘ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ. ‘ಹಾಗಾದರೆ ಏನಾಯಿತು ಸರ್?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ಉತ್ತರವಿಲ್ಲ. ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಯಾವ ಮಾತನ್ನು ಪರೀಕ್ಷಿಸಿದೆವು, ತೀರ್ಮಾನ ತಪ್ಪಾದರೆ ಯಾರಿಗೆ ನಷ್ಟ ಎಂಬುದು ಪಾಠದೊಳಗೆ ಬಂದೇ ಇರುವುದಿಲ್ಲ. ಇದನ್ನು ಸೂತ್ರಕ್ಕಿಂತ ಮುಂದೆ ತರಲು ನಾನು ಬಳಸುವ ಮೂರು ಸಮಸ್ಯೆಗಳು ಇಲ್ಲಿವೆ. ಅಂಕಿಗಳು ಅಭ್ಯಾಸಕ್ಕಾಗಿ ಹೆಣೆದವು.

ಮೊದಲನೆಯದಕ್ಕೆ ಸೂತ್ರವೇ ಬೇಡ. ‘ಚಿಕೋರಿ ಬೆರೆಸಿದ ಕಾಫಿಯನ್ನು ಒಂದೇ ಗುಟುಕಿಗೆ ಗುರುತಿಸಬಲ್ಲೆ’ ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ. ಎಂಟು ಲೋಟ ಇಡಿ: ನಾಲ್ಕರಲ್ಲಿ ಚಿಕೋರಿ ಇದೆ, ನಾಲ್ಕರಲ್ಲಿ ಇಲ್ಲ. ನಾಲ್ಕು-ನಾಲ್ಕು ಎಂಬುದನ್ನು ಅವರಿಗೆ ಹೇಳಿಬಿಡಿ, ಕ್ರಮವನ್ನು ಮಾತ್ರ ಚೀಟಿ ಎತ್ತಿ ನಿರ್ಧರಿಸಿ. ರೊನಾಲ್ಡ್ ಫಿಶರ್ 1935ರ ತಮ್ಮ ಪುಸ್ತಕದಲ್ಲಿ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಎಂದು ಹೇಳಬಲ್ಲೆನೆಂದ ಮಹಿಳೆಯನ್ನು ಮುಂದಿಟ್ಟುಕೊಂಡು ವಿವರಿಸಿದ ಪ್ರಯೋಗವಿದು. ನಾವು ಕಾಫಿ ನಾಡಿನವರು, ಲೋಟ ಬದಲಿಸಿದ್ದೇವೆ ಅಷ್ಟೆ.

ಶೂನ್ಯ ಪ್ರಾಕ್ಕಲ್ಪನೆ: ಅವರಿಗೆ ವ್ಯತ್ಯಾಸ ತಿಳಿಯದು, ಸುಮ್ಮನೆ ಊಹಿಸುತ್ತಿದ್ದಾರೆ. ಎಂಟರಲ್ಲಿ ನಾಲ್ಕನ್ನು ಆರಿಸುವ ವಿಧಾನಗಳು 70. ಎಲ್ಲವೂ ಸರಿಯಾಗುವುದು ಒಂದೇ ವಿಧಾನದಲ್ಲಿ, ಅಂದರೆ ಸಂಭವನೀಯತೆ 1/70, ಸುಮಾರು 0.014. ಮೂರು ಚಿಕೋರಿ ಲೋಟಗಳನ್ನಷ್ಟೇ ಸರಿಯಾಗಿ ಹಿಡಿಯುವ ವಿಧಾನಗಳು 16. ಆದ್ದರಿಂದ ‘ಮೂರು ಅಥವಾ ಹೆಚ್ಚು’ ಎಂಬುದಕ್ಕೆ 17/70, ಸುಮಾರು 0.24. ಒಂದು ಅದಲುಬದಲಾದರೆ ಸಾಕು, ಪುರಾವೆ ಕರಗಿಹೋಗುತ್ತದೆ. ಇಲ್ಲಿ ಯಾರೋ ಒಬ್ಬರು ‘ಅವರು ಊಹಿಸಿರುವ ಸಾಧ್ಯತೆ ಶೇ. 1.4’ ಎನ್ನುತ್ತಾರೆ. ಅಲ್ಲಿಯೇ ಪಾಠ ನಿಲ್ಲಿಸಬೇಕು. ಬರೀ ಊಹೆಯೇ ಆಗಿದ್ದರೆ ಇಂಥ ಫಲಿತಾಂಶ ಬರುವ ಸಾಧ್ಯತೆ ಶೇ. 1.4. ಎರಡು ವಾಕ್ಯಗಳನ್ನೂ ಹಲಗೆಯ ಮೇಲೆ ಬರೆದು ಓದಿಸಿ.

ಅವಸರದಲ್ಲಿ ನಾಲ್ಕೇ ಲೋಟ ಇಟ್ಟರೆ? ವಿಧಾನಗಳು ಆರು. ಎಲ್ಲವನ್ನೂ ಸರಿಯಾಗಿ ಹೇಳಿದರೂ 1/6. ಶೇ. 5ರ ಸಾರ್ಥಕತಾ ಮಟ್ಟದಲ್ಲಿ ಆ ವ್ಯಕ್ತಿ ಗೆಲ್ಲಲು ಸಾಧ್ಯವೇ ಇಲ್ಲ. ಮಾದರಿಯ ಗಾತ್ರವನ್ನು ಮೊದಲೇ ಯೋಚಿಸಬೇಕೆಂಬ ಮಾತು ಇದಕ್ಕಿಂತ ಚೆನ್ನಾಗಿ ನನಗೆ ಬೇರೆಲ್ಲೂ ಹೇಳಲಾಗಿಲ್ಲ.

ಎರಡನೆಯದು ಬೇಳೆ. 500 ಗ್ರಾಂ ಎಂದು ಮುದ್ರಿಸಿದ ಒಂಬತ್ತು ಪೊಟ್ಟಣಗಳ ನಿವ್ವಳ ತೂಕ: 496, 501, 493, 498, 502, 495, 497, 499, 492. ಸರಾಸರಿ 497, ಮಾನಕ ವಿಚಲನೆ 3.39, ಮಾನಕ ದೋಷ 1.13, ಟಿ ಬೆಲೆ −2.65. ‘ತೂಕ ಕಡಿಮೆಯಿದೆ’ ಎಂಬ ಏಕಪಾರ್ಶ್ವ ಪರೀಕ್ಷೆಯಲ್ಲಿ, ಸ್ವಾತಂತ್ರ್ಯಾಂಶ 8ಕ್ಕೆ ಕೋಷ್ಟಕದ ಬೆಲೆ ಶೇ. 5ರ ಮಟ್ಟದಲ್ಲಿ 1.86, ಶೇ. 1ರ ಮಟ್ಟದಲ್ಲಿ 2.90. ಮೊದಲ ಮಟ್ಟದಲ್ಲಿ ತಿರಸ್ಕಾರ, ಎರಡನೆಯದರಲ್ಲಿ ಇಲ್ಲ.

ತರಗತಿ ಇಲ್ಲಿ ಎರಡು ಪಂಗಡವಾಗುತ್ತದೆ, ಆಗಲಿ. ಶೂನ್ಯ ಪ್ರಾಕ್ಕಲ್ಪನೆ ನಿಜವಿದ್ದೂ ತಿರಸ್ಕರಿಸಿದರೆ ಪ್ರಾಮಾಣಿಕ ವ್ಯಾಪಾರಿಗೆ ಕಳ್ಳತೂಕದ ಹೆಸರು ಬರುತ್ತದೆ. ಸುಳ್ಳಾಗಿದ್ದೂ ತಿರಸ್ಕರಿಸದಿದ್ದರೆ ದಿನಗೂಲಿಯಲ್ಲಿ ಬೇಳೆ ಕೊಳ್ಳುವವರು ಪ್ರತಿ ಪೊಟ್ಟಣಕ್ಕೂ ಮೂರು ಗ್ರಾಂ ಕಳೆದುಕೊಳ್ಳುತ್ತಾರೆ. ಮೊದಲ ಬಗೆಯ ದೋಷ, ಎರಡನೆಯ ಬಗೆಯ ದೋಷ ಎಂದು ಬಾಯಿಪಾಠ ಮಾಡಿದ್ದವರಿಗೆ ಈಗ ಮುಖಗಳು ಕಾಣುತ್ತವೆ. ಬರೀ ದೂರು ಕೊಟ್ಟು ಇನ್ನಷ್ಟು ತಪಾಸಣೆ ಕೇಳುವುದಾದರೆ ಶೇ. 5 ಸಾಕೆಂದು ನಾನು ಒಪ್ಪುತ್ತೇನೆ, ಅಂಗಡಿಯ ಹೆಸರು ಊರಿಗೆಲ್ಲ ಸಾರುವುದಾದರೆ ಒಪ್ಪುವುದಿಲ್ಲ. ಆದರೆ ಮಟ್ಟವನ್ನು ತೂಗುವ ಮೊದಲೇ ಬರೆದಿಡಬೇಕು. ಟಿ ಬೆಲೆ ನೋಡಿದ ಮೇಲೆ ಆರಿಸುವುದು ಓಟ ಮುಗಿದ ಮೇಲೆ ಗುರಿಗೆರೆ ಎಳೆದ ಹಾಗೆ. ಒಂಬತ್ತೂ ಪೊಟ್ಟಣ ಒಂದೇ ಪೆಟ್ಟಿಗೆಯಿಂದ ಬಂದಿದ್ದರೆ ತೀರ್ಮಾನ ಆ ಪೆಟ್ಟಿಗೆಯ ಬಗ್ಗೆ ಮಾತ್ರ. ತಕ್ಕಡಿಯ ಸೊನ್ನೆ ಸರಿಯಿಲ್ಲದಿದ್ದರೆ ಅದೂ ಇಲ್ಲ.

ಅಂದಹಾಗೆ, ‘ಸ್ಟೂಡೆಂಟ್ ಟಿ’ ಎಂದರೆ ವಿದ್ಯಾರ್ಥಿಗಳ ಅಂಕಗಳಿಗೆ ಬಳಸುವ ಪರೀಕ್ಷೆ ಎಂದು ನಂಬಿದವರು ನಮ್ಮಲ್ಲಿ ಕಡಿಮೆಯಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ ವಿಲಿಯಂ ಗಾಸೆಟ್ 1908ರಲ್ಲಿ ಆ ಗುಪ್ತನಾಮದಿಂದ ಲೇಖನ ಪ್ರಕಟಿಸಿದರು. ಚಿಕ್ಕ ಮಾದರಿಗಳಿಂದಲೇ ತೀರ್ಮಾನಕ್ಕೆ ಬರಬೇಕಾದ ಕಷ್ಟ ಅವರದು, ನಮ್ಮ ಒಂಬತ್ತು ಪೊಟ್ಟಣಗಳದೂ ಅದೇ.

ಮೂರನೆಯದು ನಮ್ಮ ಮನೆಯದೇ, ಕ್ರಿಯಾ ಸಂಶೋಧನೆ. ಐದು ಮಕ್ಕಳ ಪೂರ್ವ ಪರೀಕ್ಷೆಯ ಅಂಕ 12, 15, 9, 18, 11. ಪರಿಹಾರ ಬೋಧನೆಯ ನಂತರ ಅದೇ ಮಕ್ಕಳಿಗೆ ಅದೇ ಕ್ರಮದಲ್ಲಿ 14, 16, 12, 19, 14. ಬಹುತೇಕ ವರದಿಗಳಲ್ಲಿ ಎರಡೂ ಸಾಲುಗಳನ್ನು ಎರಡು ಬೇರೆ ಗುಂಪುಗಳಂತೆ ಕಂಡು ಟಿ ಬೆಲೆ 1.01 ಎಂದು ಬರೆದಿರುತ್ತಾರೆ. ದ್ವಿಪಾರ್ಶ್ವ ಪರೀಕ್ಷೆಗೆ ಬೇಕಾದದ್ದು 2.31, ‘ಪರಿಣಾಮವಿಲ್ಲ’ ಎಂಬ ತೀರ್ಮಾನ. ಪ್ರತಿ ಮಗುವಿನ ವ್ಯತ್ಯಾಸ ತೆಗೆಯಿರಿ: 2, 1, 3, 1, 3. ಸರಾಸರಿ 2, ಮಾನಕ ವಿಚಲನೆ 1, ಟಿ ಬೆಲೆ 4.47. ಸ್ವಾತಂತ್ರ್ಯಾಂಶ 4ಕ್ಕೆ ಬೇಕಾದದ್ದು 2.78. ಅಂಕಗಳು ಏರಿದ್ದು ಕೇವಲ ಆಕಸ್ಮಿಕ ಎನ್ನುವಂತಿಲ್ಲ. ಏರಿಕೆ ಬೋಧನೆಯಿಂದಲೇ ಆಯಿತೋ, ಅದೇ ಪ್ರಶ್ನೆಗಳನ್ನು ಎರಡನೆಯ ಸಲ ಕಂಡದ್ದರಿಂದಲೋ ಎಂಬುದನ್ನು ಹೋಲಿಕೆಯ ಗುಂಪಿಲ್ಲದೆ ಈ ಐದು ಸಾಲು ಹೇಳಲಾರವು, ವರದಿಯಲ್ಲಿ ಅದನ್ನು ಬರೆಯಲೇಬೇಕು.

1.01 ಬಂದವರ ಉತ್ತರವನ್ನು ನಾನು ಕೂಡಲೇ ತಿದ್ದುವುದಿಲ್ಲ. ಎರಡನೆಯ ಸಾಲಿನ ಅಂಕಗಳನ್ನು ಮಕ್ಕಳ ನಡುವೆ ಮನಬಂದಂತೆ ಅದಲುಬದಲು ಮಾಡಿ ಮತ್ತೆ ಲೆಕ್ಕ ಹಾಕಲು ಹೇಳುತ್ತೇನೆ. ಮತ್ತೆ 1.01 ಬರುತ್ತದೆ. ಯಾರ ಅಂಕ ಯಾರದೆಂಬುದನ್ನೇ ಕೇಳದ ಲೆಕ್ಕವಿದು ಎಂದು ಅವರೇ ಗುರುತಿಸುವವರೆಗೆ ಕಾಯುತ್ತೇನೆ, ಸಾಮಾನ್ಯವಾಗಿ ಹತ್ತು ನಿಮಿಷ ಹಿಡಿಯುತ್ತದೆ.