ಕನ್ಸೋಲ್ ಸತ್ತಿರಲಿಲ್ಲ, ಉಸಿರು ಕಟ್ಟಿತ್ತು

ಮೇ ರಜೆಗೆ ರಾಮದುರ್ಗಕ್ಕೆ ಹೋದಾಗ ಮನೆಯ ಹಳೇ ಗೇಮ್ ಕನ್ಸೋಲ್ ಇಪ್ಪತ್ತು ನಿಮಿಷಕ್ಕೊಮ್ಮೆ ತಾನೇ ಆಫ್ ಆಗ್ತಿತ್ತು. ರಿಪೇರಿಯವರು "ಬೋರ್ಡ್ ಹೋಗೇತಿ, ಹೊಸಾದು ತಗೊಳ್ರಿ" ಅಂದ್ರು. ಅದರಲ್ಲಿ ತಮ್ಮನ ಮೂರು ವರ್ಷದ ಆಟ ಸೇವ್ ಆಗಿತ್ತು. ಅವನು ಊಟ ಬಿಟ್ಟು ಕೂತ.

ಆದರೆ ತಣ್ಣಗಾದ ಮೇಲೆ ಮತ್ತೆ ಆನ್ ಆಗ್ತಿತ್ತಲ್ಲ? ಅಲ್ಲೇ ಸುಳಿವಿತ್ತು. ಲೆಕ್ಕ ಹಾಕಿದೆವು.

ಚಿಪ್‌ನ ತಾಪ = ಕೋಣೆಯ ತಾಪ + (ವ್ಯಾಟ್ × ಉಷ್ಣರೋಧ)

ಚಿಪ್ 100 ವ್ಯಾಟ್, ರೋಧ ವ್ಯಾಟ್‌ಗೆ 0.5 ಡಿಗ್ರಿ ಅಂದುಕೊಳ್ಳಿ. ಕೋಣೆ 25 ಡಿಗ್ರಿ ಇದ್ದರೆ ಚಿಪ್ 75. ನಮ್ಮೂರ ಬೇಸಿಗೆಯ 40ರಲ್ಲಿ 90. ಧೂಳು ತುಂಬಿ ರೋಧ 0.7 ಆದರೆ 110! ಅಷ್ಟಾಗುವ ಮೊದಲೇ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತೆ. ಅಂದರೆ ಆಫ್ ಆಗೋದು ರೋಗವಲ್ಲ, ರಕ್ಷಣೆ.

ಹಾಗಂತ ನಿರ್ಲಕ್ಷ್ಯ ಮಾಡುವಂತಿಲ್ಲ. ಎಕ್ಸ್‌ಬಾಕ್ಸ್ 360ರಲ್ಲಿ ಪದೇ ಪದೇ ಬಿಸಿಯಾಗಿ ತಣ್ಣಗಾಗಿ ಒಳಗಿನ ಸಂಪರ್ಕಗಳೇ ಮುರಿದವು. 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು 3 ವರ್ಷಕ್ಕೆ ಏರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಡಬೇಕಾಯ್ತು.

ನಾವು ಮಾಡಿದ್ದಿಷ್ಟು: ಮೊದಲು ಟೇಬಲ್ ಫ್ಯಾನ್ ಎದುರು ಇಟ್ಟು ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆವು. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಫ್ಯಾನ್ ತಿರುಗದಂತೆ ಹಿಡಿದು ಬ್ರಷ್‌ನಿಂದ ಧೂಳು ತೆಗೆದೆವು. ಒಣಗಿದ ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದು ಹಚ್ಚಿದೆವು. ಪವರ್ ಸಪ್ಲೈ ಮಾತ್ರ ಬಿಚ್ಚಲಿಲ್ಲ. ಪ್ಲಗ್ ಕಿತ್ತರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ನೀವೂ ಬಿಚ್ಚಬೇಡಿ.

ಆವತ್ತು ಎರಡು ತಾಸು ನಿಲ್ಲದೆ ಓಡಿತು. ತಮ್ಮ ಎರಡು ರೊಟ್ಟಿ ಜಾಸ್ತಿ ತಿಂದ.