ಕೀಲಿಕೈ ಕೊಡುವ ಮುಂಚೆ

ತಮ್ಮಾ, ಗೋವಾದ ಜುವಾರಿನಗರದ ಮನೆಯ ಮೇಲೆ ಎರಡು ಖೋಲಿ ಏರಿಸಿದ್ದೀ, ಬಾಡಿಗೆಗೆ ಕೊಡುವವನಿದ್ದೀ ಎಂದು ಕೇಳಿ ಜೀವಕ್ಕೆ ಹಿತವಾಯಿತು. ಬಾಗಲಕೋಟೆ ಕಡೆಯಿಂದ ಗಂಟು ಹೊತ್ತು ವಾಸ್ಕೋ ಸ್ಟೇಷನ್ನಿನಲ್ಲಿ ಇಳಿದವರ ಮಕ್ಕಳು ಇಂದು ಮನೆ ಮಾಲಕರು. ಆದರೆ ಕೀಲಿಕೈ ಇನ್ನೊಬ್ಬರ ಕೈಗೆ ಹೋಗುವ ಮುಂಚೆ ಈ ಕಾಕಾನ ನಾಲ್ಕು ಮಾತು ಕೇಳು.

• ಮೊದಲು ನಿನ್ನ ಮನೆಯ ಕಾಗದ ನೋಡಿಕೋ. ಮೇಲಿನ ಖೋಲಿಗಳಿಗೆ ಪಂಚಾಯಿತಿಯ ಪರವಾನಗಿ ಇದೆಯೇ? ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಂದಿದೆಯೇ? ಮನೆಪಟ್ಟಿ ಕಟ್ಟಿದ ರಸೀದಿ, ಲೈಟ್ ಬಿಲ್ಲು ಇದ್ದರೆ ಸಾಕು ಎಂದು ನಮ್ಮವರು ನಂಬಿ ಕೂತುಬಿಡುತ್ತಾರೆ, ಅದು ಸಾಲದು. 2017ರ ಸೆಪ್ಟೆಂಬರಿನಲ್ಲಿ ವಾಸ್ಕೋದ ಬೈನಾ ಕಡಲ ದಂಡೆಯ ಕನ್ನಡಿಗರ ಮನೆಗಳು ನೆಲಸಮವಾದವಲ್ಲ, ವರ್ಷಗಟ್ಟಲೆ ಬಾಳಿದ ಜನ ಮಳೆಗಾಲದಲ್ಲೇ ಬೀದಿಗೆ ಬಿದ್ದರು. ಪರವಾನಗಿ ಇಲ್ಲದ ಗೋಡೆಯೊಳಗೆ ಇನ್ನೊಬ್ಬರ ಮಕ್ಕಳನ್ನು ಮಲಗಿಸಬೇಡ.

• ಬಾಡಿಗೆದಾರನ ವಿವರ ಪೊಲೀಸ್ ಠಾಣೆಗೆ ಮುಟ್ಟಲೇಬೇಕು. ಮೊದಲು ಇದು ಜಿಲ್ಲಾಧಿಕಾರಿಯ ಆದೇಶದ ಮೇಲೆ ನಡೆಯುತ್ತಿತ್ತು. 2024ರಲ್ಲಿ ಗೋವಾ ಸರಕಾರ ಇದಕ್ಕೆಂದೇ ಕಾನೂನು ತಂದಿದೆ. ತಪ್ಪಿದ ಮಾಲಕನಿಗೆ 10,000 ರೂಪಾಯಿವರೆಗೆ ದಂಡ. ಫೋಟೋ, ಆಧಾರ್, ಊರಿನ ವಿಳಾಸ, ಕೆಲಸ ಮಾಡುವ ಜಾಗ ಎಲ್ಲ ತುಂಬಿ ಫಾರ್ಮು ಕೊಡು. ಠಾಣೆಯ ಸಿಕ್ಕಾ ಒತ್ತಿದ ಪ್ರತಿಯನ್ನು ಕೇಳಿ ತೆಗೆದುಕೋ. ಆ ಪ್ರತಿಯೇ ನಿನ್ನ ಸಾಕ್ಷಿ.

• ಊರಿನವ, ಬೀಗರ ಪೈಕಿ, ಹೇಗೆ ಕಾಗದ ಕೇಳುವುದು ಎಂಬ ಸಂಕೋಚ ಬೇಡ. ನಾನು ಆ ಸಂಕೋಚದಿಂದಲೇ ಪೆಟ್ಟು ತಿಂದವ. ನಮ್ಮ ಪಕ್ಕದೂರಿನ ಹುಡುಗನೊಬ್ಬನಿಗೆ ಬರೀ ಮಾತಿನ ಮೇಲೆ ಖೋಲಿ ಕೊಟ್ಟೆ. ಮೂರನೇ ತಿಂಗಳು ರಾತ್ರಿ ಪೊಲೀಸರು ಬಾಗಿಲು ಬಡಿದರು, ಯಾವುದೋ ಕಳವಿನ ವಿಚಾರ. ಅವನ ಪೂರ್ತಿ ಹೆಸರು ಕೇಳಿದರು, ನನಗೆ ಗೊತ್ತಿರಲಿಲ್ಲ. ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂತೆ. ನಿನ್ನ ಕಾಕು ಮನೆಯಲ್ಲಿ ಊಟ ಬಿಟ್ಟಳು. ಕಡೆಗೆ ಹುಡುಗನದು ತಪ್ಪಿಲ್ಲ ಎಂದಾಯಿತು. ನಾನು ಮೊದಲೇ ಒಂದು ಫಾರ್ಮು ತುಂಬಿದ್ದರೆ ಅವನಿಗೂ ಆ ಅವಮಾನ ತಪ್ಪುತ್ತಿತ್ತು.

• ಈ ಫಾರ್ಮು ಏಕೆ ಬೇಕೆಂದು ಬಾಡಿಗೆದಾರನಿಗೂ ಬಿಡಿಸಿ ಹೇಳು. ಈ ನಾಡಿನಲ್ಲಿ ಏನಾದರೊಂದು ನಡೆದಾಗ ಹೊರಗಿನವರೆಂದು ಮೊದಲು ನಮ್ಮ ಕೂಲಿಕಾರರತ್ತಲೇ ಬೊಟ್ಟು ಮಾಡುತ್ತಾರೆ. ಆಗ ಇಂಥ ಮನೆಯಲ್ಲಿ, ಇಂಥ ತಾರೀಖಿನಿಂದ ಇದ್ದಾನೆ ಎಂದು ತೋರಿಸುವ ಕಾಗದ ಅವನ ಬೆನ್ನಿಗೆ ನಿಲ್ಲುತ್ತದೆ. ಗ್ಯಾಸ್ ಸಿಲಿಂಡರಿಗೆ ವಿಳಾಸ ಕೇಳಿದಾಗಲೂ ಬಾಡಿಗೆ ಕರಾರುಪತ್ರ ಕೆಲಸಕ್ಕೆ ಬರುತ್ತದೆ.

• ಗುತ್ತೇದಾರನೊಬ್ಬ ಬಂದು ತನ್ನ ಹೆಸರಲ್ಲಿ ಖೋಲಿ ಹಿಡಿದು ಎಂಟು ಜನ ಗೌಂಡಿಗಳನ್ನು ಇರಿಸುತ್ತೇನೆ ಎಂದರೆ, ಎಂಟೂ ಜನರ ವಿವರ ಠಾಣೆಗೆ ಕೊಡು. ಬದಲಾದರೆ ಮತ್ತೆ ಕೊಡು. ಇಲ್ಲೇ ಹೆಚ್ಚಿನ ಮಾಲಕರು ಎಡವುವುದು.

• ಕರಾರು ಬರಹದಲ್ಲಿರಲಿ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದಕ್ಕೇ ಜನ 11 ತಿಂಗಳ ಕರಾರು ಮಾಡುತ್ತಾರೆ. ಡಿಪಾಜಿಟ್ ಎಷ್ಟು, ಲೈಟ್ ಬಿಲ್ಲು ಯಾರು ಕಟ್ಟಬೇಕು, ಎಲ್ಲ ಬರೆಸು. ತಿಂಗಳ ಬಾಡಿಗೆಗೆ ರಸೀದಿ ಕೊಡು.

• ಮುಂದೆ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಆಸೆ ಬಂದೀತು. ಕಲಂಗೂಟ್ ಕಡೆ ಒಂದು ವಾರದ ದುಡ್ಡು ನಮ್ಮ ಒಂದು ತಿಂಗಳ ಬಾಡಿಗೆ. ಆದರೆ ಅದು ಬೇರೆ ವ್ಯವಹಾರ. 1982ರ ಗೋವಾ ಪ್ರವಾಸಿ ವ್ಯಾಪಾರ ನೋಂದಣಿ ಕಾನೂನಿನ ಪ್ರಕಾರ ಪ್ರವಾಸೋದ್ಯಮ ಇಲಾಖೆಯಲ್ಲಿ ಮನೆ ನೋಂದಾಯಿಸಿದ ಮೇಲೇ ಮೊಬೈಲ್ ಆ್ಯಪಿನಲ್ಲಿ ಮನೆ ತೋರಿಸು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರ ಸರಕಾರಕ್ಕೆ ಮುಟ್ಟಿಸಬೇಕು.

ಮುಂದಿನ ತಿಂಗಳು ಗದಗ ಕಡೆಯ ಒಂದು ಸಂಸಾರ ಬರುತ್ತದೆ ಎಂದಿದ್ದೀ. ಅವರು ಗಂಟು ಇಳಿಸುವ ಹಿಂದಿನ ದಿನ ನನಗೆ ಫೋನ್ ಮಾಡು. ನೀನು, ನಾನು, ಆ ಮನೆಯ ಯಜಮಾನ ಮೂವರೂ ಕೂಡಿ ಠಾಣೆಗೆ ಹೋಗಿ ಬರೋಣ.