ಮಗುವಿನ ಕರುಳಿನ ಒಕ್ಕಲು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಅಂಗನವಾಡಿಗಳಲ್ಲಿ ಮಕ್ಕಳ ತೋಳನ್ನು ಅಳೆಯುವ ಪಟ್ಟಿಯನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯೆಂದು ಗಣನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಘಟಪ್ರಭೆಯ ನೀರು, ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆಗಳಿರುವ ಸೀಮೆಯಲ್ಲಿ ಇದೆಂಥ ಮಾತು ಎಂದು ಕೇಳುವವರಿದ್ದಾರೆ. ಆದರೆ ಹೊಟ್ಟೆ ತುಂಬುವುದು ಬೇರೆ, ಉಂಡದ್ದು ಮೈಗೆ ಹತ್ತುವುದು ಬೇರೆ. ನಮ್ಮ ಕಡೆಯ ಮುದುಕಿಯರು ಆಡುವ ಈ ಮಾತಿನ ತಿರುಳನ್ನು ವಿಜ್ಞಾನವು ಈಗ ಬಿಡಿಸಿ ನೋಡುತ್ತಿದೆ.

ಮಗು ಹುಟ್ಟಿದೊಡನೆ ಅದರ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಒಕ್ಕಲು ಹೂಡುತ್ತವೆ. ಮೊದಲು ತಾಯಿಯ ಹಾಲನ್ನು ನೆಚ್ಚಿದವು. ಅನ್ನ, ಬೇಳೆಯ ರುಚಿ ಹತ್ತಿದ ಮೇಲೆ ಬೇರೆಯವು. ಎರಡು ಮೂರು ವರ್ಷಗಳಲ್ಲಿ ಈ ಒಕ್ಕಲು ದೊಡ್ಡವರದರಂತೆ ಆಗುತ್ತದೆ. ಅಮೆರಿಕದ ಸೇಂಟ್ ಲೂಯಿಸಿನ ಜೆಫ್ರಿ ಗಾರ್ಡನ್ ಹಾಗೂ ಢಾಕಾದ ತಹ್ಮೀದ್ ಅಹ್ಮದ್ ಅವರ ತಂಡವು 2014ರಲ್ಲಿ ಒಂದು ವಿಚಿತ್ರವನ್ನು ತೋರಿಸಿತು. ತೀವ್ರ ಅಪೌಷ್ಟಿಕ ಮಗುವಿನ ಕರುಳಿನ ಒಕ್ಕಲು ಅದರ ವಯಸ್ಸಿಗಿಂತ ಎಳೆಯದು! ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳ ಚಿಕಿತ್ಸಕ ಆಹಾರ ಕೊಟ್ಟಾಗ ಅದು ಕೊಂಚ ಬಲಿಯಿತು. ಆಹಾರ ನಿಂತ ಮೇಲೆ ಮತ್ತೆ ಹಿಂದೆ ಬಿದ್ದಿತು. ಜೀವ ಉಳಿದ ಮಗು ಕೂಡ ಆಮೇಲೆ ನೆಟ್ಟಗೆ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹಾಗಾದರೆ ಒಕ್ಕಲಿಗೇ ಉಣಿಸಬಾರದೇಕೆ? ಕಡಲೆ ಹಿಟ್ಟು, ಸೋಯಾ ಹಿಟ್ಟು, ಶೇಂಗಾ, ಹಸಿರು ಬಾಳೆಕಾಯಿ ಇವುಗಳಿಂದ ಒಂದು ಆಹಾರವನ್ನು ಮಾಡಿದರು. ಢಾಕಾದ ಮೀರ್‌ಪುರ ಕೊಳಗೇರಿಯಲ್ಲಿ 12ರಿಂದ 18 ತಿಂಗಳ, ಮಧ್ಯಮ ಅಪೌಷ್ಟಿಕತೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಇದನ್ನು, ಉಳಿದವರಿಗೆ ಅಕ್ಕಿ-ಬೇಳೆಯ ರೂಢಿಯ ಪೂರಕಾಹಾರವನ್ನು, ಮೂರು ತಿಂಗಳು ಕೊಟ್ಟರು. 118 ಮಕ್ಕಳು ಕೊನೆಯವರೆಗೂ ಉಳಿದರು. 2021ರಲ್ಲಿ ಫಲಿತಾಂಶ ಬಂದಿತು: ಹೊಸ ಆಹಾರದಲ್ಲಿ ಶಾಖಶಕ್ತಿ ಸುಮಾರು ಆರರಲ್ಲೊಂದು ಪಾಲು ಕಡಿಮೆಯಿದ್ದರೂ ತೂಕ ಏರಿದ್ದು ಅದನ್ನು ತಿಂದವರಲ್ಲೇ ಹೆಚ್ಚು. ಎಲುಬು, ಮಿದುಳುಗಳ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳೂ ರಕ್ತದಲ್ಲಿ ಹೆಚ್ಚಿದವು. ಕಡಲೆ, ಶೇಂಗಾಗಳಲ್ಲಿರುವ ಕೆಲವು ಪಿಷ್ಟಸಮಾನ ಪದಾರ್ಥಗಳನ್ನು ನಮ್ಮ ಕರುಳು ಅರಗಿಸಲಾರದು. ಪ್ರಿವೊಟೆಲ್ಲಾ ಕಾಪ್ರಿ ಎಂಬ ಜೀವಿ ಅವನ್ನು ಒಡೆಯಬಲ್ಲುದು.

ಕಡಲೆ ನಮ್ಮ ಹಿಂಗಾರಿ ಬೆಳೆ, ಶೇಂಗಾ ಹಿಂಡಿಯಿಲ್ಲದೆ ನಮಗೆ ರೊಟ್ಟಿಯೇ ಇಳಿಯದು. ಬಾಳೆಕಾಯಿಯೂ ಸಂತೆಯಲ್ಲಿ ಸಿಗುತ್ತದೆ. ಬಾಣಂತಿಗೆ ಅಂಟಿನುಂಡಿ ಕಟ್ಟುವ ಮನೆಯಲ್ಲಿ ವರ್ಷದ ಕೂಸಿಗೆ ಬರಿಯ ತಿಳಿಸಾರು ಅನ್ನವೇ ಏಕೆ ಸಾಕೆನಿಸಬೇಕು? ಆದರೂ ಇದನ್ನು ಓದಿ ತೀವ್ರ ಅಪೌಷ್ಟಿಕ ಮಗುವಿಗೆ ಮನೆಯಲ್ಲಿಯೇ ಹಿಟ್ಟು ಕಲಸಲು ಯಾರೂ ಹೊರಡಬಾರದು. ಮೀರ್‌ಪುರದ ಮಕ್ಕಳು ಮಧ್ಯಮ ಸ್ಥಿತಿಯವರು. ತೋಳು 11.5ಕ್ಕಿಂತ ಕಡಿಮೆಯಿರುವ ಮಗುವನ್ನು ಸರಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ತೋರಿಸಬೇಕು. ಅಲ್ಲಿ ಮಗುವಿನೊಡನೆ ಉಳಿಯುವ ತಾಯಿಗೆ ಕೂಲಿ ನಷ್ಟದ ಪರಿಹಾರವೂ ಉಂಟು.